ಅತ್ತೆಯನ್ನು ಮುಟ್ಟಿದ ಹುಳ ಯಾವುದು?

ಕಾಜಕ್ಕನ ಹಿತ್ತಲಲ್ಲಿ ಹಳೆಯ ಹೆಂಚುಗಳ ರಾಶಿಯೊಂದು ಮೂರು ವರ್ಷದಿಂದ ಕೂತಿತ್ತು. "ಈ ಭಾನುವಾರ ತೆಗೀತೀನಿ" ಎಂದು ಗಂಡ ಪ್ರತಿ ಭಾನುವಾರವೂ ಹೇಳುತ್ತಿದ್ದ. ಕೊನೆಗೂ ಒಂದು ಬೆಳಿಗ್ಗೆ ತೆಗೆಯಲು ಕೈಹಾಕಿದ. ಅರ್ಧ ರಾಶಿಯನ್ನು ಬಚ್ಚಲಿನ ಗೋಡೆಗೆ ಒರಗಿಸಿ ಇಟ್ಟಿದ್ದನೋ ಇಲ್ಲವೋ, "ಅಯ್ಯಯ್ಯೋ!" ಎಂದು ಅವನು ಕೂಗಿಕೊಂಡದ್ದು ಬೀದಿಯ ಕೊನೆಯ ಮನೆಗೂ ಕೇಳಿಸಿತು.

ಕಾಜಕ್ಕ ಬೆರಳಲ್ಲಿ ಸೂಜಿ ಹಿಡಿದುಕೊಂಡೇ ಓಡಿ ಬಂದಳು. ಮೂರು ಟೈಲರ್ ಅಂಗಡಿಗಳ ಅಂಗಿಗಳಿಗೆ ಕಾಜಾ ಹಾಕುವವಳು, ಅಂದರೆ ಗುಂಡಿ ತೂತಿನ ಅಂಚಿಗೆ ನೂಲು ಹೊಲಿಯುವವಳು ಅವಳೇ, ಅದಕ್ಕೇ ಆ ಹೆಸರು. ಬಂದು ನೋಡಿದರೆ ಹಿತ್ತಲಿನ ಮಣ್ಣಿನ ದಿಣ್ಣೆಯಲ್ಲಿ ಒಂದು ಬಿಲ. ಬಿಲದ ಬಾಯಲ್ಲಿ ಮೈತುಂಬ ರೋಮವಿರುವ, ಅಂಗೈಯಗಲದ ಜೇಡ. ಗಂಡ ಮನೆಗಳಿಗೆ ಬಣ್ಣ ಹೊಡೆಯುವವನು, ಕೈಗೆ ಮೊದಲು ಸಿಕ್ಕಿದ್ದು ಥಿನ್ನರ್ ಡಬ್ಬಿ.

"ಸುರಿದುಬಿಡ್ತೀನಿ ನೋಡು, ಒಂದೇ ನಿಮಿಷ."

"ಸುರಿ ಮಗಾ," ಎಂದರು ಬಟ್ಟೆ ಒಗೆಯುತ್ತಿದ್ದ ಅತ್ತೆ. "ಆ ಹುಳಾನ ಬಿಟ್ರೆ ನಾಳೆ ಹಾಸಿಗೆಗೇ ಬರುತ್ತೆ. ಮನೇಲಿ ಪುಟ್ಟ ಮಗು ಇದೆ."

ಅತ್ತೆಗೆ ಎಲ್ಲವೂ ಹುಳವೇ. ಅಕ್ಕಿಯಲ್ಲಿರುವುದೂ ಹುಳ, ಗೋಡೆ ಮೇಲಿನ ಹಲ್ಲಿಯೂ ಹುಳ. ಹಾವನ್ನಂತೂ ಅವರು ಹೆಸರು ಹಿಡಿದು ಕರೆದವರೇ ಅಲ್ಲ. ಹೆಸರು ಹೇಳಿದರೆ ಎದುರಿಗೆ ಬಂದು ನಿಲ್ಲುತ್ತದೆ ಎಂಬ ಭಯ.

ಅಷ್ಟರಲ್ಲಿ ಪಕ್ಕದ ಮನೆಯ ಕೂಸಿಗೆ ಲಸಿಕೆ ನೆನಪಿಸಲು ಬಂದಿದ್ದ ಆರೋಗ್ಯ ಕೇಂದ್ರದ ಸಿಸ್ಟರ್ ಬೇಲಿಯ ಮೇಲಿಂದ ಇಣುಕಿದರು.

"ಅಣ್ಣ, ಡಬ್ಬಿ ಕೆಳಗಿಡಿ ಮೊದಲು. ಥಿನ್ನರ್ ಮಣ್ಣಿಗಿಳಿದ್ರೆ ಬಾವಿ ನೀರಿಗೂ ಹೋಗುತ್ತೆ. ಆ ನೀರು ಕುಡಿಯೋದು ನೀವೇ ಅಲ್ವಾ?"

"ಅದು ಕಚ್ಚಿದ್ರೆ ನೀವು ಬರ್ತೀರಾ ಸಿಸ್ಟರ್?"

"ಬರ್ತೀನಪ್ಪ. ಅದೇ ನನ್ನ ಕೆಲಸ. ಆದ್ರೆ ಅದು ಏನು ಅಂತ ತಿಳ್ಕೊಳ್ಳೋಣ ತಡೀರಿ. ಹತ್ತಿರ ಹೋಗ್ಬೇಡಿ, ಮುಟ್ಟಬೇಡಿ, ಕಡ್ಡಿಯಲ್ಲಿ ಕೆಣಕಬೇಡಿ. ಹೆದರಿದ್ರೆ ಕಚ್ಚಬಹುದು. ದೂರದಿಂದಲೇ ಮೊಬೈಲಲ್ಲಿ ದೊಡ್ಡದು ಮಾಡಿ ಒಂದು ಫೋಟೊ ತೆಗೀರಿ. ಅಳತೆ ಗೊತ್ತಾಗೋಕೆ ಪಕ್ಕದಲ್ಲಿ ಏನಾದ್ರೂ ಇದ್ರೆ ಒಳ್ಳೇದು."

ಅಳತೆಗೆ ಕಾಜಕ್ಕನ ಮನೆಯಲ್ಲಿ ಏನು ಬರ? ಟೇಪನ್ನು ಉದ್ದನೆಯ ಕೋಲಿನ ತುದಿಗೆ ಸಿಕ್ಕಿಸಿ, ಬಿಲದಿಂದ ಒಂದು ಗೇಣು ಈಚೆಗೆ ಹಾಸಿದಳು. ಜೇಡ ಸರಕ್ಕನೆ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಮತ್ತೆ ಇಣುಕಿತು. ಕಾಲಿನಿಂದ ಕಾಲಿಗೆ ಐದು ಇಂಚು. ಫೋಟೊ ದೊಡ್ಡದು ಮಾಡಿ ನೋಡುತ್ತಿದ್ದವಳು ಒಮ್ಮೆಲೇ ನಕ್ಕಳು.

"ಸಿಸ್ಟರ್, ಇವಳು ನಮ್ಮ ಕಸುಬಿನವಳೇ! ಬಿಲದ ಅಂಚಿಗೆ ಸುತ್ತಲೂ ನೂಲು ಕೊಟ್ಟಿದ್ದಾಳೆ, ಥೇಟ್ ಕಾಜಾ ಹಾಕಿದ ಹಾಗೆ!"

"ಎಷ್ಟು ಸರಿಯಾಗಿ ನೋಡಿದ್ರಿ! ಇಲಿ ಬಿಲದ ಮುಂದೆ ಮಣ್ಣು ಚೆಲ್ಲಿರುತ್ತೆ, ನೂಲು ಇರಲ್ಲ."

ಸಿಸ್ಟರ್ ಆ ಫೋಟೊವನ್ನು ಜೇಡಗಳನ್ನೇ ಓದಿಕೊಂಡ ಕಾಲೇಜಿನ ಮೇಷ್ಟ್ರೊಬ್ಬರಿಗೆ ಕಳಿಸಿದರು. ಮಧ್ಯಾಹ್ನದೊಳಗೆ ಉತ್ತರ ಬಂತು. ಇದು ಟರಾಂಟುಲಾ. ದಪ್ಪ ಮೈ, ಬ್ರಷ್ಷಿನಂಥ ಪಾದ, ನೂಲಿನ ಅಂಚಿನ ಬಿಲ, ಇವೇ ಗುರುತು. ಬಹುಶಃ ಹೆಣ್ಣು. ಒಂದೇ ಬಿಲದಲ್ಲಿ ವರ್ಷಗಟ್ಟಲೆ ಇರುತ್ತದೆ, ಜಿರಲೆ ಮಿಡತೆ ತಿನ್ನುತ್ತದೆ, ಅಟ್ಟಿಸಿಕೊಂಡು ಬರುವುದಿಲ್ಲ. ಯಾವ ಕುಲದ್ದು ಎಂದು ಅಂದಾಜು ಹೇಳಬಲ್ಲೆ, ನಿಖರವಾದ ಹೆಸರು ಫೋಟೊದಿಂದ ಹೇಳಲಾಗದು ಎಂದಿದ್ದರು ಮೇಷ್ಟ್ರು.

"ಕುಲ ಗೊತ್ತಾಯ್ತಲ್ಲ, ಇನ್ನು ಅದರ ಮುತ್ತಜ್ಜನ ಹೆಸರೂ ಬೇಕಂತಾ?" ಎಂದು ಅತ್ತೆ ಮೂಗು ಮುರಿದರು.

ಆ ಉತ್ತರ ತೋರಿಸಲು ಬಂದಿದ್ದ ಸಿಸ್ಟರ್ ಹೊರಡುವಾಗ ಹೇಳಿದರು: "ಕಚ್ಚಿದ್ರೆ ನೋವಾಗುತ್ತೆ, ಊದಿಕೊಳ್ಳುತ್ತೆ. ಜೀವಕ್ಕೆ ಅಪಾಯ ಆಗೋದು ತೀರಾ ಅಪರೂಪ. ಆದ್ರೂ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಬನ್ನಿ."

ಕೇಳುವವರ ಕಿವಿ ನೋಡಿ! ಕಾಜಕ್ಕನ ಮನಸ್ಸಿನಲ್ಲಿ ಉಳಿದದ್ದು "ಅಪಾಯ ಅಪರೂಪ" ಎಂಬ ಮಾತೊಂದೇ. ಜೇಡ ಇದ್ದಲ್ಲೇ ಇರಲಿ ಎಂದು ಅವಳು ಹಟ ಹಿಡಿದಳು, ಗಂಡ ಗೊಣಗುತ್ತಲೇ ದಿಣ್ಣೆಯ ಸುತ್ತ ಇಟ್ಟಿಗೆ ಜೋಡಿಸಿದ. ಆಚೆ ಹೋಗಬಾರದೆಂದು ಪುಟ್ಟ ಮಗಳಿಗೆ ತಾಕೀತಾಯಿತು.

ಎಂಟು ದಿನ ಕಳೆಯಿತು. ಒಂದು ಸಂಜೆ ಅತ್ತೆ ನೀರಿನ ಹಂಡೆಯ ಬಾಯಿ ಮುಚ್ಚಲು ಒಂದು ಹೆಂಚು ಬೇಕೆಂದು ಬಚ್ಚಲ ಗೋಡೆಗೆ ಒರಗಿಸಿದ್ದ ಹೆಂಚುಗಳ ಸಂದಿಗೆ ಕೈಹಾಕಿದರು. ಹಾಕಿದ ಕೈಯನ್ನು ಸಟಕ್ಕನೆ ಎಳೆದುಕೊಂಡು ಒಳಗೆ ಬಂದು ಕೂತರು.

"ಹುಳ ಮುಟ್ಟಿತು ಕಣೇ."

"ಹೇಳಿದ್ನಲ್ಲ ನಾನು! ನಿನ್ನ ಮುದ್ದಿನ ಜೇಡ!" ಗಂಡ ಕೆಂಡವಾದ.

ಕಾಜಕ್ಕನಿಗೆ ಮುಖ ಎತ್ತಲಾಗಲಿಲ್ಲ. ಅದನ್ನು ಉಳಿಸಲು ಹೊರಟವಳು ಅವಳೇ ತಾನೆ. ಆದರೂ ಧೈರ್ಯ ತಂದುಕೊಂಡು ಅತ್ತೆಯ ಕೈ ತೊಳೆದು ಮಲಗಿಸಿದಳು. "ಜೇಡ ತಾನೆ, ಏನಾಗಲ್ಲ, ಬೆಳಗ್ಗೆ ಹೊತ್ತಿಗೆ ನೋವು ಇಳಿಯುತ್ತೆ" ಎಂದು ತನಗೂ ಅವರಿಗೂ ಹೇಳಿಕೊಂಡಳು. ಹೀಗೇ ಇಪ್ಪತ್ತು ನಿಮಿಷ ಹೋಯಿತು. ಊತ ಮಣಿಕಟ್ಟು ದಾಟಿದಾಗ ಸಿಸ್ಟರಿಗೆ ಫೋನ್ ಮಾಡಿದಳು.

"ಜೇಡ ಕಚ್ಚಿದೆ ಸಿಸ್ಟರ್, ಊದ್ತಾ ಇದೆ."

"ಕಚ್ಚಿದ್ದನ್ನ ನೀವು ನೋಡಿದ್ರಾ?"

"ನಾನಲ್ಲ. ಹುಳ ಮುಟ್ಟಿತು ಅಂದ್ರು ಅತ್ತೆ."

"ಯಾವ ಹುಳ ಅಕ್ಕ? ಈಗಲೇ ಕೇಳಿ."

ಕಾಜಕ್ಕ ಅತ್ತೆಯ ಪಕ್ಕ ಕೂತಳು. "ಅತ್ತೆ, ಆ ಜೇಡಾನೇ ಅಲ್ವಾ?"

"ಜೇಡ ಎಲ್ಲೇ ಬಂತು? ಇದು..." ಅತ್ತೆ ಮಾತು ನುಂಗಿದರು. ಇನ್ನೊಂದು ಕೈಯ ಬೆರಳಿನಿಂದ ಹೊದಿಕೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

"ಸಿಸ್ಟರ್, ಹಾವು!" ಎಂದು ಕಾಜಕ್ಕ ಫೋನಿಗೆ ಕೂಗಿದಳು. ಫೋನಿನಲ್ಲಿ ಸಿಸ್ಟರ್ ಹೇಳಿದ್ದನ್ನೇ ಒಂದೊಂದಾಗಿ ಮಾಡಿದಳು. ಬಳೆ, ಉಂಗುರ ತೆಗೆದಳು. ಗಂಡ ಹಗ್ಗ ತಂದು ಕಟ್ಟಲು ಬಂದಾಗ ಕಸಿದುಕೊಂಡಳು, "ಕಟ್ಟಬಾರದಂತೆ, ಕೊಯ್ಯಬಾರದಂತೆ, ಆಟೊ ಕರೀರಿ." ಹೆಂಚಿನ ರಾಶಿ ಕೆದಕಿ ಹಾವು ಹುಡುಕಲು ಯಾರನ್ನೂ ಬಿಡಲಿಲ್ಲ. ಅತ್ತೆಯ ಕೈ ಅಲುಗದಂತೆ ಹಿಡಿದುಕೊಂಡೇ ದಾರಿಯುದ್ದಕ್ಕೂ ಕೂತಳು.

"ಏನು ಕಚ್ಚಿದ್ದು ಅಜ್ಜಿ?" ಎಂದರು ಡಾಕ್ಟರು.

ಅತ್ತೆ ಸೊಸೆಯ ಮುಖ ನೋಡಿದರು. ಕಣ್ಣು ಮುಚ್ಚಿಕೊಂಡು, ಜೀವಮಾನದಲ್ಲೇ ಮೊದಲ ಸಲ, ಬಾಯಿಬಿಟ್ಟು ಹೇಳಿದರು: "ಹಾವು."

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಲಕ್ಷಣ ನೋಡಿ ಔಷಧಿ ಶುರು ಮಾಡಿದರು. "ಬೆಳಗ್ಗೆ ನೋಡೋಣ ಅಂತ ಮನೇಲೇ ಇಟ್ಕೊಂಡಿದ್ರೆ ಕಷ್ಟ ಆಗ್ತಿತ್ತು" ಎಂದರು. ನಾಲ್ಕನೆಯ ದಿನ ಅತ್ತೆ ಮನೆಗೆ ಬಂದರು. ಗಂಡ ಅದೇ ದಿನ, ಭಾನುವಾರಕ್ಕೂ ಕಾಯದೆ, ದಪ್ಪ ಬೂಟು ಹಾಕಿಕೊಂಡು ಉದ್ದನೆಯ ಸಲಾಕೆಯಿಂದ ಉಳಿದ ಹೆಂಚನ್ನೆಲ್ಲ ಎಳೆದು ಹಿತ್ತಲು ಬಯಲು ಮಾಡಿದ. ದಿಣ್ಣೆಯ ಕಡೆ ಮಾತ್ರ ಹೋಗಲಿಲ್ಲ. "ಪಾಪ, ಸುಮ್ಮನೆ ಆ ಜೇಡದ ಮೇಲೆ ತಪ್ಪು ಹಾಕಿದೆ" ಎಂದ, ಸ್ವಲ್ಪ ಪೆಚ್ಚಾಗಿ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಹಿತ್ತಲಲ್ಲೂ ಹೀಗೊಂದು ದೊಡ್ಡ ಜೇಡ ಕಂಡರೆ ದೂರ ನಿಂತು ನೋಡಿ, ಫೋಟೊ ತೆಗೆಯಿರಿ, ತಿಳಿದವರನ್ನು ಕೇಳಿ, ಅದರ ಪಾಡಿಗೆ ಅದನ್ನು ಬಿಡಿ. ಕಟ್ಟಿಗೆ, ಹೆಂಚು, ಕಲ್ಲಿನ ಸಂದಿಗೆ ಬರಿಗೈ ಹಾಕಬೇಡಿ. ಯಾರಿಗಾದರೂ ಏನಾದರೂ ಕಚ್ಚಿದರೆ, ಕಣ್ಣಾರೆ ಕಾಣದ್ದನ್ನು ಊಹಿಸಿ ಸಮಾಧಾನ ಮಾಡಿಕೊಳ್ಳಬೇಡಿ. ಏನು ಕಚ್ಚಿತೆಂದು ಗೊತ್ತಿದ್ದರೂ ಆಸ್ಪತ್ರೆಗೆ ಹೊರಡಿ, ಗೊತ್ತಿಲ್ಲದಿದ್ದರೆ ಇನ್ನೂ ಬೇಗ ಹೊರಡಿ. ಕಾಜಕ್ಕನ ಮನೆಯಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಹೋಯಿತು. ನಿಮ್ಮ ಮನೆಯಲ್ಲಿ ಒಂದು ನಿಮಿಷವೂ ಹೋಗದಿರಲಿ.