ಕರ್ಟ್‌ನ ಕಣ್ಣಿಗೆ ಬಿಗಿದ ದುರ್ಬೀನು

ಆಗಸ್ಟಿನ ಒಂದು ಸಂಜೆ ಕರ್ಟ್ ಉಣ್ಣೆಯ ಬೇಟೆಕೋಟು ತೊಟ್ಟು ಅಡುಗೆಮನೆಯ ನಡುವೆ ನಿಂತಿದ್ದ. ಕಿಟಕಿಗಳೆಲ್ಲ ತೆರೆದಿದ್ದರೂ ಸೆಕೆ. ಅವನ ಕುತ್ತಿಗೆಯಿಂದ ಬೆವರು ಇಳಿದು ಕಾಲರಿನೊಳಗೆ ಹೋಗುತ್ತಿತ್ತು. ಹೊಸ ರೈಫಲ್ಲಿನ ಮೇಲೆ ದುರ್ಬೀನು ಕೂರಿಸುವುದಿತ್ತು. ಬೇಟೆಯ ದಿನ ಕೋಟಿನ ದಪ್ಪವೂ ಭುಜದ ಮೇಲಿರುತ್ತದೆ, ಈಗ ಅಂಗಿಯಲ್ಲಿ ನಿಂತು ಕೂರಿಸಿದರೆ ಡಿಸೆಂಬರಿನಲ್ಲಿ ಕಣ್ಣಿಗೂ ದುರ್ಬೀನಿಗೂ ನಡುವಿನ ದೂರ ತಪ್ಪುತ್ತದೆ ಎಂಬುದು ಅವನ ವಾದ.

"ನಗಬೇಡ ಲಿನೆಟ್. ನೀನು ನಕ್ಕರೆ ನಂಗೂ ನಗು ಬರುತ್ತೆ. ತಲೆ ಅಲ್ಲಾಡುತ್ತೆ."

ಅವನು ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆ ತಂದ. ಕೆನ್ನೆಯನ್ನು ಅದರ ಮರದ ಹಿಡಿಗೆ ಒತ್ತಿದ. ಆಮೇಲೆ ಕಣ್ಣು ತೆರೆದ. ಕ್ರಮ ಅದೇ. ಕಣ್ಣು ತೆರೆದುಕೊಂಡೇ ಎತ್ತಿದರೆ ಕತ್ತು ತಾನಾಗಿ ದುರ್ಬೀನಿಗೆ ಹೊಂದಿಕೊಂಡು ಸುಳ್ಳು ಹೇಳುತ್ತದಂತೆ.

"ಇನ್ನೊಂಚೂರು ಮುಂದೆ ತಳ್ಳು. ಇನ್ನೊಂಚೂರು. ಹಾಂ, ಅಲ್ಲೇ. ಈಗ ಬಿಗಿ."

ದುರ್ಬೀನನ್ನು ಹಿಡಿದಿಡುವ ಪಟ್ಟಿಗಳ ತಿರುಪುಗಳನ್ನು ನಾನು ಬಿಗಿದೆ. ಈ ಮೂಲೆಯದು ಸ್ವಲ್ಪ, ಎದುರು ಮೂಲೆಯದು ಸ್ವಲ್ಪ. ಅವನು ಉಸಿರು ಹಿಡಿದು ಕಿಟಕಿಯಾಚೆ ನೋಡುತ್ತಿದ್ದ.

"ಪಕ್ಕದ ಕೊಟ್ಟಿಗೆ ಮೇಲಿರೋ, ಗಾಳಿ ದಿಕ್ಕು ತೋರಿಸೋ ಕೋಳಿಯ ಕಣ್ಣು ಕೂಡ ಕಾಣ್ತಿದೆ."

"ಆ ತಗಡಿನ ಕೋಳಿಗೆ ಕಣ್ಣೇ ಇಲ್ಲ ಕರ್ಟ್."

"ಇದ್ದಿದ್ರೆ ಕಾಣ್ತಿತ್ತು ಅಂತ."

ಸೆಪ್ಟೆಂಬರಿನಲ್ಲಿ ಅವನು ಸತ್ತ. ಕಾಡಿನಲ್ಲಿ, ಮರ ಕಡಿಯುವಾಗ. ಅದನ್ನು ಇಲ್ಲಿ ಬರೆಯುವುದಿಲ್ಲ. ರೈಫಲ್ಲಿನಿಂದ ಒಂದು ಗುಂಡೂ ಹಾರಿರಲಿಲ್ಲ.

ನಮ್ಮ ಕಣಿವೆಯಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದು ಬರುವ ಸೋಮವಾರ ಜಿಂಕೆ ಬೇಟೆ ಶುರು. ನಾನು ಪಾಠ ಮಾಡುವ ಶಾಲೆಗೂ ರಜ. ಆ ದಿನ ಪಾಠ ಮಾಡಿದರೂ ಕೇಳುವುದಕ್ಕೆ ಮಕ್ಕಳಿರುವುದಿಲ್ಲ. ಮದುವೆಯಾದ ಮೇಲೆ ಪ್ರತಿ ವರ್ಷ ನಾನೂ ಕರ್ಟ್‌ನ ಜೊತೆ ಬೆಟ್ಟಕ್ಕೆ ಹೋಗಿದ್ದೇನೆ, ಅವನ ಅಜ್ಜನ ಹಳೆಯ ಬಂದೂಕು ಹಿಡಿದು. ಎರಡು ಹೆಮ್ಲಾಕ್ ಮರಗಳ ನಡುವೆ ಅವನು ಕೂರುವ ಜಾಗ. ಚಿಕ್ಕ ಹುಡುಗನಾಗಿದ್ದಾಗಿನಿಂದ ಅವನದೇ. ಈ ವರ್ಷ ಹಬ್ಬದ ಊಟದಲ್ಲಿ ಟರ್ಕಿ ಕೊಯ್ಯುತ್ತಿದ್ದ ನನ್ನ ಮಾವ ಮರ್ಲ್ ಚಾಕು ಕೆಳಗಿಟ್ಟು, "ಅವನ ಜಾಗದಲ್ಲಿ ಯಾರು ಕೂರೋದು?" ಅಂದರು.

"ನಾನು," ಅಂದೆ. "ಅವನ ಹೊಸ ರೈಫಲ್ ತಗೊಂಡು."

"ಹಾಗಾದ್ರೆ ಕಾಗದ ತೋರಿಸ್ಬೇಕು," ಅಂದರು ಮರ್ಲ್.

ಅದು ಅವರ ಬೇಟೆಮನೆಯ ಕಟ್ಟಳೆ. ನೂರು ಗಜ ದೂರದಿಂದ ಗುರಿಯ ಕಾಗದಕ್ಕೆ ಹೊಡೆದ ಮೂರು ತೂತು ಒಂದು ಅಂಗೈಯಡಿ ಮುಚ್ಚಬೇಕು. ಆ ಕಾಗದವನ್ನು ಭಾನುವಾರ ಸಂಜೆಯೊಳಗೆ ಬಾಗಿಲಿಗೆ ಅಂಟಿಸಬೇಕು. ಇಲ್ಲದವರು ಬೆಟ್ಟ ಹತ್ತುವ ಹಾಗಿಲ್ಲ. ಒಂದು ವರ್ಷ ಅವರ ಸ್ವಂತ ತಮ್ಮನೇ ಕಾಗದವಿಲ್ಲದೆ ಬೇಟೆಮನೆಯಲ್ಲೇ ಉಳಿದು ದಿನವಿಡೀ ಪಾತ್ರೆ ತೊಳೆದಿದ್ದ.

ಭಾನುವಾರ ಮಧ್ಯಾಹ್ನ ಮರ್ಲ್ ಮತ್ತು ನಾನು ಗುರಿ ಹೊಂದಿಸಲು ಹಳೆಯ ಜಲ್ಲಿಗುಂಡಿಗೆ ಹೋದೆವು. ಅಲ್ಲಿ ಪ್ರತಿ ವರ್ಷ ಅದೇ ಜಾತ್ರೆ. ಸಾಲಾಗಿ ನಿಂತ ಟ್ರಕ್ಕುಗಳು, ಕಿತ್ತಳೆ ಬಣ್ಣದ ಟೋಪಿಗಳು, ಸುಟ್ಟ ಮದ್ದಿನ ವಾಸನೆ, ಫ್ಲಾಸ್ಕಿನ ಕಾಫಿ. ಒಬ್ಬರ ಸರದಿ ಮುಗಿಯುವವರೆಗೆ ಉಳಿದವರ ಹರಟೆ. ಕರ್ಟ್ ಇಲ್ಲಿ ಬಂದರೆ ತನ್ನ ಕೆಲಸ ಬಿಟ್ಟು ಎಲ್ಲರ ದುರ್ಬೀನನ್ನೂ ಇಣುಕಿ ನೋಡುತ್ತಿದ್ದ. ಅವನನ್ನು ಹುಡುಕಿ ಕರೆತರುವುದು ನನ್ನ ಕೆಲಸವಾಗಿತ್ತು. ಈ ಸಲ ನಾವು ಬಂದಾಗ ಜನ ತಮ್ಮ ಸರದಿ ಬಿಟ್ಟು ತುದಿಯ ಮೇಜನ್ನು ನಮಗೆ ಕೊಟ್ಟರು. ಟೋಪಿ ಮುಟ್ಟಿಕೊಂಡರು. ಮಾತಾಡಿಸಲಿಲ್ಲ.

ಮಾತಾಡಿಸಿದ್ದು ಡಾಟಿ ಒಬ್ಬರೇ. ಮರ್ಲ್‌ರ ಅಕ್ಕ. ಮಡಿಸುವ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಸೂಪಿನ ಡಬ್ಬಿ ಇಟ್ಟುಕೊಂಡು ಕೂತಿದ್ದರು.

"ಲೋ ಮರ್ಲ್, ಆ ಮರಳುಚೀಲ ಯಾವ ಕಾಲದ್ದೋ? ನಿನ್ನ ಮದುವೆ ಪ್ಯಾಂಟಿನ ಕಾಲಲ್ವಾ ಅದು?"

"ಮದುವೆ ಪ್ಯಾಂಟು ಇನ್ನೂ ಹಾಕ್ಕೋತೀನಿ ನಾನು."

"ಹಾಕ್ಕೋತೀಯ, ಗುಂಡಿ ಹಾಕೋಕಾಗಲ್ಲ."

ಮರ್ಲ್ ಚೀಲಗಳನ್ನು ಜೋಡಿಸಿ ಬಂದೂಕನ್ನು ಅವುಗಳ ಮೇಲೆ ಮಲಗಿಸಿದರು. ಮೊದಲು ಹತ್ತಿರದ ಕಾಗದ. ತೂತು ಎಡಕ್ಕೆ, ಕೆಳಗೆ ಬಿತ್ತು. ಅವರು ದುರ್ಬೀನಿನ ಮೇಲಿನ ಗುರಿ ಸರಿಪಡಿಸುವ ಗುಂಡಿಗಳನ್ನು ತಿರುಗಿಸಿದರು. ಟಿಕ್ ಟಿಕ್ ಸದ್ದು. ಮುಂದಿನ ಗುಂಡು ನಡುವಿನ ಹತ್ತಿರ ಬಿತ್ತು. ಆಮೇಲೆ ನೂರು ಗಜ ದೂರದ ಕಾಗದ.

ಅಲ್ಲಿ ಕೆಟ್ಟಿತು. ಕೆನ್ನೆಯನ್ನು ಮರದ ಹಿಡಿಗೆ ಒತ್ತಿ ಕಣ್ಣು ತೆರೆದರೆ ನನಗೆ ಕಾಣುವುದು ಕಪ್ಪು. ಆ ಕಪ್ಪಿನ ನಡುವೆ ನಾಣ್ಯದಷ್ಟು ಬೆಳಕು. ಕರ್ಟ್ ನನಗಿಂತ ತುಂಬ ಎತ್ತರ, ಕತ್ತು ಉದ್ದ. ಅವನ ಕಣ್ಣು ಬಂದು ನಿಲ್ಲುವ ಜಾಗಕ್ಕೆ ನನ್ನದು ತಲುಪುತ್ತಿರಲಿಲ್ಲ. ಹತ್ತಿರದ ಕಾಗದಕ್ಕೆ ಹೇಗೋ ಸಾಗಿತ್ತು. ಈಗ ಕತ್ತು ಚಾಚಿದೆ. ಕಪ್ಪು ಸರಿದು ಬೆಳಕು ದೊಡ್ಡದಾಯಿತು. ಹೊಡೆದೆ. ತೂತು ಕಾಗದದ ಅಂಚಿನಲ್ಲಿ. ಮತ್ತೆ ಹೊಡೆದೆ. ಇನ್ನೊಂದು ಅಂಚಿನಲ್ಲಿ.

"ಕೊಕ್ಕರೆ ಮೀನು ಹಿಡಿಯೋ ಹಾಗೆ ಕತ್ತು ಚಾಚ್ತಿದ್ದೀಯಲ್ಲೇ," ಅಂದರು ಡಾಟಿ. "ದುರ್ಬೀನು ನಿಂಗೆ ದೂರ ಆಯ್ತು. ಹಿಂದಕ್ಕೆ ಎಳ್ಕೊಳ್ಳಬೇಕು."

"ಇರಲಿ," ಅಂದೆ.

ಇನ್ನಷ್ಟು ಚಾಚಿದೆ. ಭುಜ ಸಡಿಲವಾಗಿದ್ದು ಗೊತ್ತಾಗಲಿಲ್ಲ. ಟ್ರಿಗರ್ ಒತ್ತಿದೆ. ಬಂದೂಕು ಹಿಂದಕ್ಕೆ ಒದೆಯಿತು, ದುರ್ಬೀನಿನ ಅಂಚು ಹುಬ್ಬಿಗೆ ಬಡಿಯಿತು. ಬೆಚ್ಚಗಿನದೇನೋ ಕಣ್ಣಿನೊಳಗೆ ಇಳಿಯಿತು. ನೋವಾಗಲಿಲ್ಲ. ಸೆಪ್ಟೆಂಬರಿನಿಂದ ನನಗೆ ಯಾವುದೂ ಅಷ್ಟಾಗಿ ನೋಯುತ್ತಿರಲಿಲ್ಲ.

ಡಾಟಿ ಸೂಪು ಕೆಳಗಿಟ್ಟು ಬಂದು ಕರವಸ್ತ್ರವನ್ನು ನನ್ನ ಹುಬ್ಬಿಗೆ ಒತ್ತಿದರು. ತಮ್ಮ ಟೋಪಿ ಮೇಲೆತ್ತಿ ತೋರಿಸಿದರು. ಬಲಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಹಳೆಯ ಗಾಯದ ಕಲೆ.

"ಬಾರಮ್ಮ, ನೀನೂ ನಮ್ಮವಳಾದೆ. ಇದು ಆದಾಗ ನಂಗೆ ಮದುವೆ ಗೊತ್ತಾಗಿತ್ತು. ಫೋಟೋದಲ್ಲೆಲ್ಲ ಕೂದಲು ಮುಂದಕ್ಕೆ ಬಿಟ್ಕೊಂಡಿದ್ದೀನಿ, ನೋಡು ಬೇಕಾದ್ರೆ. ಯಾರೋ ಹೀರೋಯಿನ್ ಇರಬೇಕು ಅನ್ಸುತ್ತೆ."

"ಯಾರಿಗೆ ಅನ್ಸುತ್ತೆ?" ಅಂದರು ಮರ್ಲ್.

"ನೀನು ಸುಮ್ನಿರೋ."

ರಕ್ತ ನಿಂತಿತು. ನಳಿಗೆ ಕಾದಿತ್ತು. ತಣ್ಣಗಾಗುವವರೆಗೆ ಹೊಡೆಯುವ ಹಾಗಿರಲಿಲ್ಲ. ಮರ್ಲ್ ಜೇಬಿನಿಂದ ತಿರುಪುಳಿ ತೆಗೆದು ಮೇಜಿನ ಮೇಲಿಟ್ಟರು.

"ಪಟ್ಟಿ ಸಡಿಲಿಸಿ, ಹೆಬ್ಬೆರಳಗಲ ಹಿಂದಕ್ಕೆ ಸರಿಸಿದ್ರೆ ಸಾಕು. ಅಷ್ಟೇ ಕೆಲಸ."

"ಬೇಡ."

"ಸರಿಸದೆ ಹೊಡೆಯೋಕಾಗಲ್ಲ ಲಿನೆಟ್. ಹೊಡೆಯದೆ ಕಾಗದ ಇಲ್ಲ."

"ಗೊತ್ತು."

"ಹಳೇ ಬಂದೂಕನ್ನಾದ್ರೂ ತಗೊಂಡು ಹೋಗು ಮತ್ತೆ. ಅದು ನಿನ್ನ ಕೈಗೆ ಪಳಗಿದೆ."

ನಾನು ಹೇಳಿದೆ. ಕೋಟು, ಸೆಕೆ, ಕಿಟಕಿ, ಬಿಗಿದ ತಿರುಪು. ಹೇಳುವಾಗ ನನ್ನ ದನಿ ಪಾಠ ಮಾಡುವ ದನಿಯ ಹಾಗೆ ಸಮವಾಗಿತ್ತು. ಅವನು ನಿಂತ ಹಾಗೆಯೇ ಈ ವಸ್ತು ಬೆಟ್ಟ ಹತ್ತಲಿ ಅಂತ ನನಗೆ ಆಸೆ. ಮನೆಯಲ್ಲಿ ಅವನ ಬೂಟಿನ ಮೇಲೆ ಧೂಳು ಕೂತಿದೆ, ಅಂಗಿಗಳ ವಾಸನೆ ಹೋಗಿದೆ. ಇದೊಂದು ಮಾತ್ರ ಅವನ ಅಳತೆಯಲ್ಲಿ ನಿಂತಿದೆ.

ಮರ್ಲ್ ದುರ್ಬೀನಿನ ಪಟ್ಟಿಗಳ ಮೇಲೆ ಹೆಬ್ಬೆರಳು ಆಡಿಸಿದರು. ಪಕ್ಕದ ಮೇಜಿನವರು ಹೊಡೆಯುತ್ತಿದ್ದರು. ಆಮೇಲೆ ಮರ್ಲ್, "ನಾನೊಂದ್ಸಲ ನೋಡ್ಲಾ?" ಅಂತ ಕೇಳಿದರು.

ನಾನು ಎದ್ದು ಜಾಗ ಬಿಟ್ಟೆ. ಅವರು ಬಂದೂಕಿನಲ್ಲಿ ತೋಟಾ ಇಲ್ಲವೆಂದು ನೋಡಿಕೊಂಡರು. ಕೋಟಿನ ಗುಂಡಿ ಹಾಕಿದರು. ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೆ ತಂದು ಕೆನ್ನೆ ಒತ್ತಿದರು. ಕರ್ಟ್‌ಗೆ ಅದನ್ನು ಕಲಿಸಿದವರು ಯಾರೆಂದು ನಾನು ಎಂದೂ ಕೇಳಿರಲಿಲ್ಲ. ಕಣ್ಣು ತೆರೆದರು.

ಕತ್ತು ಚಾಚಲಿಲ್ಲ. ಅಲುಗಲಿಲ್ಲ.

"ಕಾಣ್ತಿದೆ," ಅಂದರು. "ಪೂರ್ತಿ ಕಾಣ್ತಿದೆ. ಒಂಚೂರೂ ಕಪ್ಪಿಲ್ಲ."

ಡಾಟಿ ಮುಖ ತಿರುಗಿಸಿ ಡಬ್ಬಿಯ ಮುಚ್ಚಳ ಹಾಕುವುದರಲ್ಲಿ ತೊಡಗಿದರು. ಆ ಮುಚ್ಚಳ ತುಂಬ ಹೊತ್ತು ಸರಿಯಾಗಿ ಕೂರಲಿಲ್ಲ.

ಮರ್ಲ್ ಇನ್ನೂ ನೋಡುತ್ತಲೇ ಇದ್ದರು. ದೂರದ ಕಾಗದವನ್ನಲ್ಲ. ನಳಿಗೆಯನ್ನು ಮೆಲ್ಲಗೆ ಜಲ್ಲಿಗುಂಡಿಯಾಚೆಯ ಬೋಳು ಬರ್ಚ್ ಮರಗಳ ಮೇಲೆ, ಬೆಟ್ಟದ ನೆತ್ತಿಯ ಮೇಲೆ ಆಡಿಸಿದರು. ಮಗ ನೋಡಬೇಕೆಂದಿದ್ದುದನ್ನೆಲ್ಲ ನೋಡಿ ಮುಗಿಸುವವರ ಹಾಗೆ. ನನಗೆ ಆಗ ಹೊಳೆಯಿತು, ಆ ಅಳತೆ ನನ್ನೊಬ್ಬಳ ಆಸ್ತಿಯಲ್ಲ. ಅದು ಈ ಮುದುಕರ ಕತ್ತಿನಲ್ಲಿ, ಭುಜದಲ್ಲಿ ಮೊದಲೇ ಇತ್ತು.

"ನೀವೇ ಇಟ್ಕೊಳ್ಳಿ ಮರ್ಲ್," ಅಂದೆ. "ನಿಮಗೆ ಸರಿಹೋಗುತ್ತೆ."

ಅವರು ಬಂದೂಕನ್ನು ಚೀಲದ ಮೇಲೆ ಇಳಿಸಿದರು.

"ನಂಗೆ ನನ್ನ ಜಾಗ ಇದೆ, ನನ್ನ ಬಂದೂಕಿದೆ. ಅವನ ಜಾಗದಲ್ಲಿ ಕೂರ್ತೀನಿ ಅಂದಿದ್ದು ನೀನು. ಕಾಣದೆ ಕೂತು ಏನು ಮಾಡ್ತೀಯ?"

ತಿರುಪುಳಿಯನ್ನು ನನ್ನ ಕಡೆ ಸರಿಸಿದರು. "ಬಿಗಿದವಳು ನೀನು. ನೀನೇ ಬಿಚ್ಚು."

ಬಿಚ್ಚಿದೆ. ಮೊದಲ ತಿರುಪು ಜಗ್ಗಲಿಲ್ಲ. ಅಷ್ಟು ಗಟ್ಟಿಯಾಗಿ ಬಿಗಿದಿದ್ದೆ. ಆಮೇಲೆ ಒಂದೊಂದಾಗಿ ಸಡಿಲಾದವು. ದುರ್ಬೀನು ಬೆರಳಿನಡಿ ಸರಿಯಿತು. ಪಟ್ಟಿ ಹಿಡಿದಿದ್ದ ಕಡೆ ಕಪ್ಪು ಕೊಳವೆಯ ಮೇಲೆ ತೆಳುವಾದ ಗೆರೆ ಉಳಿದಿತ್ತು. ಉಗುರಿನಿಂದ ಅದನ್ನು ಮುಟ್ಟಿದೆ.

ಈಗ ನಾನು ಕಣ್ಣು ಮುಚ್ಚಿ ಕೆನ್ನೆ ಒತ್ತಿದೆ. ಮರ್ಲ್ ದುರ್ಬೀನನ್ನು ಸರಿಸಿದರು. "ಹೇಳು."

"ಇನ್ನೊಂಚೂರು. ಇನ್ನೊಂಚೂರು. ಅಲ್ಲೇ."

ಬೆಳಕು ಅಂಚಿನಿಂದ ಅಂಚಿಗೆ ತುಂಬಿ ನಿಂತಿತ್ತು. ಅಷ್ಟು ಬೆಳಕನ್ನು ನೋಡಿ ಬಹಳ ದಿನವಾಗಿತ್ತು. ಹುಬ್ಬು ಈಗ ಉರಿಯತೊಡಗಿತು. ಚೆನ್ನಾಗಿಯೇ ನೋಯುತ್ತಿತ್ತು.

ಎಲ್ಲ ಮೊದಲಿನಿಂದ ಮಾಡಬೇಕಾಯಿತು. ಹತ್ತಿರದ ಕಾಗದ, ಗುಂಡಿಗಳ ಟಿಕ್ ಟಿಕ್, ದೂರದ ಕಾಗದ, ನಡುನಡುವೆ ನಳಿಗೆ ಆರಲಿ ಎಂದು ಕಾಯುವುದು. ಬಿಸಿಲು ಜಲ್ಲಿಗುಂಡಿಯ ಅಂಚಿಗೆ ಬಂದಾಗ ಮರ್ಲ್ ಕೊನೆಯ ಕಾಗದ ಕಿತ್ತು ತಂದು ತಮ್ಮ ಅಂಗೈ ಇಟ್ಟು ಮುಚ್ಚಿದರು.

"ಮೋಸ!" ಅಂದರು ಡಾಟಿ. "ನಿನ್ನ ಕೈ ಇಟ್ರೆ ಅರ್ಧ ಊರೇ ಮುಚ್ಚುತ್ತೆ. ಅವಳ ಕೈ ಇಡಿಸು."

ನನ್ನ ಕೈ ಇಟ್ಟೆ. ಮೂರೂ ತೂತು ಮುಚ್ಚಿದವು.

ಹೊರಡುವಾಗ ಮರ್ಲ್ ತಿರುಪುಳಿಯನ್ನು ನನ್ನ ಕೋಟಿನ ಜೇಬಿಗೆ ಹಾಕಿದರು. "ಇಟ್ಕೊ. ಬೇಟೆ ಮುಗಿದ ಮೇಲೆ ಬೇಕಾದ್ರೆ ಅವನ ಜಾಗಕ್ಕೇ ಸರಿಸಬಹುದು. ಗೆರೆ ಇದೆಯಲ್ಲ."

"ಸರಿಸಲ್ಲ," ಅಂದೆ.

ಅವರು ತಲೆಯಾಡಿಸಿ, ಮರಳುಚೀಲಗಳನ್ನು ಎರಡೂ ಕಂಕುಳಲ್ಲಿ ಇರುಕಿಕೊಂಡು ಟ್ರಕ್ಕಿನ ಕಡೆ ನಡೆದರು.