ಚಂದ್ರನ ಮಾತು ಕೇಳಿದ ಒಂಬತ್ತು ದಿನ

ಮೂವತ್ತೊಂದು ವರ್ಷದ ಸಮುದ್ರವನ್ನು ಕಂಪ್ಯೂಟರಿಗೆ ತುಂಬುವ ಕೆಲಸ ಬಂದರು ಕಚೇರಿಯಲ್ಲಿ ಅವಳ ಪಾಲಿಗೆ ಬಂದಿತ್ತು. ಬಂದರಿನ ಗೋಡೆಗೆ ನಿಲ್ಲಿಸಿದ ಅಳತೆಯ ಕಂಬದಲ್ಲಿ ನೀರು ಎಲ್ಲಿಯವರೆಗೆ ಏರಿದೆ ಎಂದು ದಿನಕ್ಕೆ ನಾಲ್ಕು ಸಲ ನೋಡಿ ಬರೆದಿಟ್ಟ ರಿಜಿಸ್ಟರುಗಳು. ಬರೆದವನು ಅವಳ ಅಪ್ಪನೇ. ನಾಲ್ಕು ತಿಂಗಳಿಂದ ಕೂತು ಕೂತು ಅವಳ ಸೊಂಟ ಹಿಡಿದುಕೊಂಡಿತ್ತು. ಅಪ್ಪನ ಏಳು ಯಾವುದು, ಒಂದು ಯಾವುದು ಎಂದು ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು.

ಆ ಪುಟ ಬಂದೇ ಬರುತ್ತದೆಂದು ಗೊತ್ತಿತ್ತು. ಅಮ್ಮ ಆಸ್ಪತ್ರೆಯಲ್ಲಿ ಕಳೆದ ಕೊನೆಯ ಒಂಬತ್ತು ದಿನ. ಆಗ ಇವಳಿಗೆ ಎಂಟು ವರ್ಷ, ಚಿಕ್ಕಮ್ಮನ ಮನೆಯಲ್ಲಿದ್ದಳು. "ಹೆಂಡ್ತಿ ಉಸಿರು ಎಣಿಸ್ತಿದ್ರೆ ನಿಮ್ಮಪ್ಪ ನೀರು ಅಳೀತಿದ್ದಾನೆ" ಎಂದು ಚಿಕ್ಕಮ್ಮ ಅಂದಿದ್ದಳು. ಅಪ್ಪನೂ ಅಷ್ಟೇ, ಒಂದು ದಿನವೂ ಅಳತೆ ತಪ್ಪಿಸಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಇಪ್ಪತ್ತೆಂಟು ವರ್ಷವಾದರೂ ಅವಳು ಅವನನ್ನು ಕ್ಷಮಿಸಿರಲಿಲ್ಲ. ಒಂದೇ ಮನೆಯಲ್ಲಿದ್ದು, ಹೊತ್ತು ಹೊತ್ತಿಗೆ ಊಟ ಬಡಿಸಿ, ಬೇಕಾದಷ್ಟೇ ಮಾತಾಡಿ ದಿನ ದೂಡುತ್ತಿದ್ದಳು.

ಹಲ್ಲು ಕಚ್ಚಿಕೊಂಡು ಮೂವತ್ತಾರು ಅಂಕಿಗಳನ್ನೂ ತುಂಬಿದಳು. ಕಂಪ್ಯೂಟರು ಎಂದಿನಂತೆ ಎರಡು ಗೆರೆ ಎಳೆಯಿತು. ಒಂದು, ಚಂದ್ರ ಸೂರ್ಯರ ಸೆಳೆತವನ್ನು ಲೆಕ್ಕ ಹಾಕಿ ಮೊದಲೇ ಅಚ್ಚು ಹಾಕಿಸಿದ ಭರತ ಇಳಿತದ ಪಟ್ಟಿಯದು. ಇನ್ನೊಂದು, ಕಂಬದಲ್ಲಿ ನಿಜವಾಗಿ ಕಂಡದ್ದು. ಇವೆರಡೂ ಯಾವತ್ತೂ ಕೂಡಿ ಬರುವುದಿಲ್ಲ. ಚಂದ್ರ ಎಳೆಯುವುದೇನೋ ಸರಿ, ಆದರೆ ಗಾಳಿ ದಡದ ಕಡೆ ನೂಕಿದರೆ ನೀರು ಇನ್ನಷ್ಟು ಏರುತ್ತದೆ. ಮೇಲಿನ ಹವೆಯ ಒತ್ತಡ ಇಳಿದರೂ ಏರುತ್ತದೆ. ಆಳದ ತಣ್ಣೀರು ಮೇಲೆ ಬಂದರೆ ಒಂದಿಷ್ಟು ತಗ್ಗುತ್ತದೆ. ಸಮುದ್ರಕ್ಕೆ ಯಜಮಾನರು ಒಬ್ಬರೇ ಅಲ್ಲ ನೋಡಿ.

ಆ ಒಂಬತ್ತು ದಿನ ಮಾತ್ರ ಎರಡೂ ಗೆರೆ ಒಂದೇ ಆಗಿ ಮಲಗಿದ್ದವು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ.

ಅವಳು ಎದ್ದು ಹೋಗಿ, ಅದೇ ವರ್ಷದ ಗಾಳಿಯನ್ನು ಬೇರೆಯವರು ಬರೆದಿಟ್ಟ ಪುಸ್ತಕ ತೆಗೆದಳು. ಒಂಬತ್ತೂ ದಿನ ದಡದ ಕಡೆ ಬಿರುಗಾಳಿ. ದೋಣಿಗಳು ಹೊರಟೇ ಇಲ್ಲ. ನೀರು ಒಂದು ಗೇಣಾದರೂ ಹೆಚ್ಚು ನಿಂತಿರಬೇಕಿತ್ತು. ಪುಸ್ತಕ ಹಿಡಿದುಕೊಂಡೇ ಅಲ್ಲಿನ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಸಂಜೆ ಮನೆಗೆ ಬಂದಾಗ ಅಪ್ಪ ಒಣಗಿದ ಬಟ್ಟೆ ಮಡಚುತ್ತಿದ್ದ.

"ಅಪ್ಪ, ಅಮ್ಮ ಆಸ್ಪತ್ರೇಲಿದ್ದಾಗ ನೀನು ಕಂಬದ ಹತ್ರ ಹೋಗ್ಲೇ ಇಲ್ಲ ಅಲ್ವಾ?"

ಅಪ್ಪ ಮಡಚಿದ್ದ ಟವೆಲನ್ನು ಮತ್ತೆ ಬಿಚ್ಚಿದ. "ಯಾರು ಹೇಳಿದ್ರು?"

"ಗಾಳಿ ಪುಸ್ತಕ."

ಅವನು ಟವೆಲನ್ನು ತೊಡೆಯ ಮೇಲೆ ಹಾಸಿಕೊಂಡ. "ರಜ ಕೊಡ್ಲಿಲ್ಲ. ಒಂದು ದಿನ ತಪ್ಪಿದ್ರೂ ಕೆಲ್ಸ ಹೋಗುತ್ತೆ ಅಂದ್ರು. ಪಟ್ಟಿ, ರಿಜಿಸ್ಟರು ಎರಡೂ ಆಸ್ಪತ್ರೆಗೇ ತಗೊಂಡು ಹೋದೆ. ಪಟ್ಟಿ ನೋಡಿ ನಿಮ್ಮಮ್ಮ ಓದೋಳು, ನಾನು ಬರ್ಕೋತಿದ್ದೆ. ಕೊನೇ ಎರಡು ದಿನ ನಾನೇ ಓದ್ಕೊಂಡೆ."

"ನನಗೆ ಹೇಳ್ಬಹುದಿತ್ತಲ್ಲ."

"ಆಗ ನೀನು ಚಿಕ್ಕೋಳು, ಎಲ್ಲಾದ್ರೂ ಬಾಯಿ ಬಿಡ್ತಿದ್ದೆ. ಆಮೇಲೆ ನೀನೂ ಅದೇ ಆಫೀಸಿಗೆ ಸೇರ್ಕೊಂಡೆ. ಒಂಬತ್ತು ದಿನ ಸುಳ್ಳು ಅಂದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ಜೀವಮಾನದಲ್ಲಿ ನಾನು ಮಾಡಿದ್ದು ಅದೊಂದೇ ಕೆಲ್ಸ ಕಣೆ. ಎಲ್ಲಾ ಬಿಸಾಕ್ತಾರೆ."

"ಬಿಸಾಕಲ್ಲ. ಮಿಕ್ಕ ಯಾವ ದಿನವೂ ನಿನ್ನ ಅಂಕಿ ಪಟ್ಟಿ ಮಾತು ಕೇಳಿಲ್ಲ. ನೀನು ಕಣ್ಣಾರೆ ನೋಡಿ ಬರ್ದಿದ್ದೀಯ ಅನ್ನೋದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದ್ರೆ ಆ ಒಂಬತ್ತು ದಿನ ತೆಗೀಲೇಬೇಕು."

"ತೆಗಿ," ಅಂದ ಅಪ್ಪ. ಟವೆಲಿನ ಅಂಚನ್ನು ನೀವುತ್ತಾ, "ಅವಳು ಓದಿ ಹೇಳಿದ್ದು ಅವು," ಎಂದ.

ಅವಳಿಗೆ ಅಳು ಬಂತು. ಇಷ್ಟು ವರ್ಷ ಕೋಪ ಹೊತ್ತು ತಿರುಗಿದ ಸುಸ್ತೆಲ್ಲ ಒಟ್ಟಿಗೆ ಮೈಮೇಲೆ ಬಂದಂತಾಯಿತು. ಅಪ್ಪನ ಪಕ್ಕ ಕೂತು ಮಿಕ್ಕ ಬಟ್ಟೆ ಮಡಚಿದಳು.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಆ ಪುಟ ತೆರೆದಳು. ಒಂದೇ ಗುಂಡಿ ಒತ್ತಿದರೆ ಎಲ್ಲವೂ ಅಳಿಸಿ ಹೋಗುತ್ತಿತ್ತು. ಅವಳು ಮೊದಲು ಮೂವತ್ತಾರು ಅಂಕಿಗಳನ್ನೂ ಮೆಲ್ಲಗೆ, ಒಂದೊಂದಾಗಿ, ಬಾಯಿಬಿಟ್ಟು ಓದಿದಳು. ಆಮೇಲೆ ಅಳಿಸಿದಳು. ಅಳತೆ ಸಿಗದ ದಿನಕ್ಕೆ ಕಾರಣ ಬರೆಯಲು ಪಕ್ಕದಲ್ಲಿ ಜಾಗವಿರುತ್ತದೆ. ಸಾಮಾನ್ಯವಾಗಿ ಅಲ್ಲಿ ಕಂಬ ಮುರಿದಿತ್ತು, ಮಂಜು ಕವಿದಿತ್ತು ಎಂದು ಬರೆಯುತ್ತಾರೆ. ಅವಳು ಬರೆದಳು: ಅಳತೆ ನೋಡುವವನು ಹೆಂಡತಿಯ ಹತ್ತಿರ ಇದ್ದ.