ಕೆಳಗಿಳಿಸಿ ಅಂದಾಗ

ತನ್ನ ಹೆಲಿಕಾಪ್ಟರಿಗೆ ಇನ್ನು ಗುತ್ತಿಗೆ ಪೈಲಟ್‌ಗಳು ಬೇಡ, ನಮ್ಮವರೇ ಇರಲಿ ಎಂದು ಪೊಲೀಸ್ ಇಲಾಖೆ ತೀರ್ಮಾನಿಸಿದಾಗ ಗುತ್ತಿಗೆ ಕಂಪನಿಯ ಯಜಮಾನರಿಗೆ ಹೊಟ್ಟೆಯ ಮೇಲೆ ಹೊಡೆದಂತಾಯಿತು. ಹ್ಯಾಂಗರಿನಲ್ಲಿ ಎಲ್ಲರೂ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು, ಯಾರಿಗೂ ಅವರು ನೆಂಟರಲ್ಲದಿದ್ದರೂ. ಇಲಾಖೆ ಮೊದಲು ಕರೆದದ್ದು ಅವರ ಕೈಯಲ್ಲೇ ಪಳಗಿದ ಪೈಲಟ್‌ನನ್ನು. ಷರತ್ತು ಒಂದೇ: ಈ ಬಾರಿಯ ಹಾರಾಟ ಪರೀಕ್ಷೆಯಲ್ಲಿ ಅವನು ಪಾಸಾಗಬೇಕು. ಪರೀಕ್ಷಕರು ಬೇರೆ ಯಾರೂ ಅಲ್ಲ, ದೊಡ್ಡಪ್ಪನೇ.

"ಅವರ ಅನ್ನಕ್ಕೆ ಕಲ್ಲು ಹಾಕಿ ಹೋಗ್ತಿದ್ದೀರ. ಪಾಸ್ ಮಾಡ್ತಾರೇನ್ರೀ?" ಎಂದು ಬೆಳಿಗ್ಗೆ ಹೆಂಡತಿ ಕೇಳಿದ್ದಳು. ಫೇಲಾದರೆ ಕಂಪನಿ ಮತ್ತೆ ಯಾವ ಊರಿಗೆ ಎತ್ತಿಹಾಕುತ್ತದೋ. ಮಗಳಿಗೆ ಈ ಶಾಲೆಯಲ್ಲಿ ಈಗಷ್ಟೇ ಗೆಳತಿಯೊಬ್ಬಳು ಸಿಕ್ಕಿದ್ದಳು.

ಹಾರಾಟ ಚೆನ್ನಾಗಿಯೇ ನಡೆಯಿತು. ಎಂಜಿನ್ ಕೆಟ್ಟಿತೆಂದುಕೊಂಡು, ಗಾಳಿಗೆ ತಿರುಗುವ ರೆಕ್ಕೆಗಳ ಬಲದಲ್ಲೇ ಯಂತ್ರವನ್ನು ನೆಲಕ್ಕೆ ತರುವ ಪಾಠವನ್ನು ಅವನು ಬೆಣ್ಣೆಯಿಂದ ಕೂದಲು ತೆಗೆದಂತೆ ಮುಗಿಸಿದ. ಹಿಂದಿನ ಸೀಟಿನಲ್ಲಿ, ಕ್ಯಾಮೆರಾದ ಪರದೆಯ ಮುಂದೆ, ಎಂದಿನಂತೆ ಹೆಡ್ ಕಾನ್‌ಸ್ಟೇಬಲಮ್ಮ ಕೂತಿದ್ದಳು. ವಾಪಸು ಬರುವಾಗ ದೊಡ್ಡಪ್ಪ ದನಿ ಬದಲಿಸಿದರು.

"ಈಗ ನಾನು ಪೊಲೀಸ್. ಆ ಬಿಳಿ ವ್ಯಾನಿನ ನಂಬರ್ ಬೇಕು. ಸ್ವಲ್ಪ ಕೆಳಗಿಳಿಸಿ ಕ್ಯಾಪ್ಟನ್."

"ಸರಿ ಸರ್."

"ಇನ್ನೂ ಸ್ವಲ್ಪ."

"ಸರಿ ಸರ್."

"ಇನ್ನೊಂಚೂರು."

ಕೆಳಗೆ ಒತ್ತೊತ್ತಾದ ಮನೆಗಳ ತಾರಸಿ, ನಡುವೆ ವಿದ್ಯುತ್ ತಂತಿ. ಈ ಎತ್ತರದಲ್ಲಿ ಎಂಜಿನ್ ಕೈಕೊಟ್ಟರೆ ಇಳಿಯಲು ಜಾಗವಿಲ್ಲ ಎಂಬ ಲೆಕ್ಕ ಅವನ ತಲೆಯಲ್ಲಿ ಸ್ಪಷ್ಟವಾಗಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು "ಸರಿ ಸರ್" ಎಂದಿತು.

"ಬಿಡು, ನಾನು ಹಿಡಿದೆ," ಎಂದು ದೊಡ್ಡಪ್ಪ ಹತೋಟಿ ತೆಗೆದುಕೊಂಡು ಮೇಲಕ್ಕೆತ್ತಿದರು.

ಹ್ಯಾಂಗರಿನ ಪಕ್ಕದ ಕೋಣೆಗೆ ಬಂದು ಕೂತ ಮೇಲೆ ಒಂದೇ ಮಾತು: "ಫೇಲ್."

ಪೈಲಟ್‌ನ ಮುಖ ಸಪ್ಪಗಾಯಿತು. ಹೆಂಡತಿ ಹೇಳಿದಂತೆಯೇ ಸೇಡು ತೀರಿಸಿಕೊಂಡರು ಅನ್ನಿಸಿತು. "ಇಳಿಸು ಅಂದೋರು ನೀವೇ ಅಲ್ವಾ?"

"ಹೌದು. ಕೇಳೋದು ಪೊಲೀಸರ ಕೆಲಸ. ನಿನ್ನ ಕೆಲಸ ಏನು?" ದೊಡ್ಡಪ್ಪ ಹೆಡ್ ಕಾನ್‌ಸ್ಟೇಬಲಮ್ಮನ ಕಡೆ ತಿರುಗಿದರು. "ಏನಮ್ಮಾ, ನೀನು ಇಳಿಸಿ ಅಂದಾಗ ಈ ಮಹಾರಾಯ ಯಾವತ್ತಾದ್ರೂ ಆಗಲ್ಲ ಅಂದಿದ್ದಾನಾ?"

"ಇಲ್ಲ ಸರ್. ಅದಕ್ಕೇ ನಾನು ಧೈರ್ಯವಾಗಿ ಕೇಳ್ತೀನಿ. ನನಗೇನು ಹಾರಿಸೋದು ಗೊತ್ತಾ? ಅಪಾಯ ಇದ್ರೆ ಅವರೇ ಹೇಳ್ತಾರಲ್ಲ."

ಪೈಲಟ್‌ಗೆ ಈಗ ಹೊಳೆಯಿತು. ಅವಳು ಕೇಳುತ್ತಾಳೆಂದು ಅವನು ಇಳಿಯುತ್ತಿದ್ದ. ಅವನು ಇಳಿಯುತ್ತಾನೆಂದು ಅವಳು ಕೇಳುತ್ತಿದ್ದಳು. ಇಷ್ಟು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ನಂಬಿ ತಂತಿಗಳ ಮೇಲೆ ತೇಲಿದ್ದರು.

"ನಿನಗಿಂತ ಮುಂಚೆ ಇಲ್ಲಿದ್ದೋನು ಆಗಲ್ಲ ಅಂತಿದ್ದ," ಎಂದರು ದೊಡ್ಡಪ್ಪ. "ಬೇರೆಯವರನ್ನ ಕಳಿಸಿ ಅಂತ ಇಲಾಖೆಯಿಂದ ಫೋನ್ ಬಂತು. ಗುತ್ತಿಗೆ ಉಳೀಬೇಕಲ್ಲ, ನಿನ್ನನ್ನ ಕಳಿಸಿದೆ. ಗಿರಾಕಿ ಮುನಿಸಿಕೊಳ್ಳದ ಹಾಗೆ ಹಾರಿಸಪ್ಪ ಅಂತ ಬುದ್ಧಿ ಬೇರೆ ಹೇಳಿದೆ. ಇನ್ಮೇಲೆ ಇವಳು ನಿನಗೆ ಗಿರಾಕಿ ಅಲ್ಲ, ಜೊತೆಗಾರ್ತಿ. ಅದು ನಿನ್ನ ನಾಲಿಗೆಗೆ ಗೊತ್ತಾಗೋವರೆಗೂ ನಾನು ಸಹಿ ಹಾಕಲ್ಲ. ಊಟ ಮಾಡಿ ಬಾ, ಮತ್ತೆ ಹಾರೋಣ."

ಮಧ್ಯಾಹ್ನದ ಹಾರಾಟದಲ್ಲಿ ದೊಡ್ಡಪ್ಪ ಬಾಯಿಗೆ ಬೀಗ ಹಾಕಿಕೊಂಡು ಕೂತರು. ಅಷ್ಟರಲ್ಲಿ ರೇಡಿಯೊದಲ್ಲಿ ನಿಜವಾದ ಕರೆಯೇ ಬಂತು: ಕದ್ದ ವ್ಯಾನೊಂದು ಗೋದಾಮುಗಳ ಕಡೆ ಹೋಗಿದೆ, ನೋಡಿ. "ಹೊಣೆ ನನ್ನದು, ನಡಿ," ಎಂದರು ದೊಡ್ಡಪ್ಪ.

ಗೋದಾಮುಗಳ ಸಂದಿಯಲ್ಲಿ ವ್ಯಾನ್ ನಿಂತಿತ್ತು. ಹಿಂದಿನ ಸೀಟಿನಿಂದ ಹೆಡ್ ಕಾನ್‌ಸ್ಟೇಬಲಮ್ಮನ ಅವಸರದ ದನಿ ಕೇಳಿಸಿತು. "ಅದೇ ಇರಬೇಕು. ನಂಬರ್ ಕಾಣ್ತಿಲ್ಲ, ಕೆಳಗಿಳಿಸಿ ಕ್ಯಾಪ್ಟನ್."

"ಸ..." ಎಂದವನು ಉಳಿದದ್ದನ್ನು ನುಂಗಿಕೊಂಡ. "ಆಗಲ್ಲ. ಕೆಳಗೆ ತಂತಿ ಇದೆ, ಇಳಿಯೋಕೆ ಜಾಗ ಇಲ್ಲ. ಬಲಕ್ಕೆ ಸುತ್ತಿ ಬರ್ತೀನಿ, ಬಿಸಿಲು ನಮ್ಮ ಬೆನ್ನಿಗೆ ಬರುತ್ತೆ. ಆಗ ನೋಡಿ."

ಬೈಯುತ್ತಾಳೆ ಎಂದುಕೊಂಡ.

"ಆಯ್ತು, ಸುತ್ತಿ," ಎಂದಳು. ಸುತ್ತಿ ಬಂದಾಗ ನಂಬರ್ ಸ್ವಚ್ಛವಾಗಿ ಕಾಣಿಸಿತು. "ಥೂ, ಇದು ಯಾರದೋ ಬೇಕರಿ ವ್ಯಾನು. ಇದಕ್ಕೋಸ್ಕರ ಇಳಿಸಿ ಅಂದೆನಲ್ಲ." ಆಮೇಲೆ ಮೆಲ್ಲಗೆ, "ಥ್ಯಾಂಕ್ಸ್ ಕ್ಯಾಪ್ಟನ್. ಇನ್ಮೇಲೆ ನೀವು ಸರಿ ಅಂದ್ರೆ ನಾನು ನಿಜಕ್ಕೂ ನಂಬಬಹುದು."

ಇಳಿದ ಮೇಲೆ ದೊಡ್ಡಪ್ಪ ನಿಂತಲ್ಲೇ ಸಹಿ ಹಾಕಿದರು. ಪೈಲಟ್ ಅವರ ಎರಡೂ ಕೈ ಹಿಡಿದುಕೊಂಡ. ಅನ್ನ ಕೊಟ್ಟವರು, ವಿದ್ಯೆ ಕೊಟ್ಟವರು, ಈಗ ಕೊಟ್ಟ ವಿದ್ಯೆಯನ್ನೇ ತಿದ್ದಿ ಕಳಿಸುತ್ತಿರುವವರು.

"ನಿಮ್ಮ ಕಂಪನಿ ಗತಿ?"

"ಇನ್ನೂ ಎರಡು ಊರಲ್ಲಿ ಗುತ್ತಿಗೆ ಇದೆಯಲ್ಲ. ನಾಳೆ ಅಲ್ಲಿಗೆ ಹೋಗ್ತೀನಿ. ಆ ಹುಡುಗರಿಗೂ ಆಗಲ್ಲ ಅನ್ನೋದನ್ನ ಕಲಿಸಬೇಕು. ಫೋನ್ ಬಂದ್ರೆ ಈ ಸಲ ನಾನೇ ಮಾತಾಡ್ತೀನಿ." ದೊಡ್ಡಪ್ಪ ನಕ್ಕರು. "ಕೈ ಬಿಡೋ ಮಾರಾಯ, ಮೊದಲು ಹೆಂಡತಿಗೆ ಫೋನ್ ಮಾಡು."